ಯೂಸರ್‌ನೇಮ್ ಎಂಬ ಎರಡನೆಯ ನಾಮಕರಣ

ಇಂಟರ್‌ನೆಟ್ಟಿನಲ್ಲಿ ಖಾತೆ ತೆರೆಯುವವರು ಮೊದಲು ತುಂಬುವ ಖಾನೆಗಳಲ್ಲಿ ಯೂಸರ್‌ನೇಮ್ ಒಂದು. ಅದಕ್ಕೆ ಎರಡು ಕೆಲಸಗಳಿವೆ. ಕೋಟ್ಯಂತರ ಖಾತೆಗಳ ನಡುವೆ ಇದು ಯಾರದ್ದೆಂದು ಕಂಪ್ಯೂಟರಿಗೆ ತಿಳಿಸಬೇಕು, ಓದಿದವರಿಗೆ ಆ ವ್ಯಕ್ತಿಯ ಬಗ್ಗೆ ಒಂದಿಷ್ಟು ಸುಳಿವು ಕೊಡಬೇಕು. ಊರಿನಲ್ಲಿ ಹತ್ತು ಜನ ಮಂಜುನಾಥರಿದ್ದರೂ ಯಾರಿಗೂ ತೊಂದರೆಯಿಲ್ಲ. ಒಂದು ತಾಣದಲ್ಲಿ ಒಂದೇ ಯೂಸರ್‌ನೇಮ್ ಇಬ್ಬರಿಗೆ ಸಿಗುವಂತಿಲ್ಲ. ಆದ್ದರಿಂದ ಈ ಹೆಸರುಗಳನ್ನು ರೂಪಿಸಿರುವುದು ಬಳಸುವವರ ಆಸೆ ಮಾತ್ರವಲ್ಲ. ಎಷ್ಟು ಅಕ್ಷರ ಹಿಡಿಸುತ್ತದೆ, ಯಾವ ಲಿಪಿ ಸಲ್ಲುತ್ತದೆ, ಯಾವ ಹೆಸರು ಇನ್ನೂ ಉಳಿದಿದೆ ಎಂಬ ಯಂತ್ರದ ಕಟ್ಟುಪಾಡುಗಳಿಗೂ ಅದರಲ್ಲಿ ಅಷ್ಟೇ ಪಾಲಿದೆ.

1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆ ಬಂತು. ಯಾವ ಕಡತ ಯಾರದ್ದೆಂದು ಬೇರ್ಪಡಿಸುವ ಅಗತ್ಯ ಹುಟ್ಟಿದ್ದು ಆಗ. ಮುಂದೆ ಬೆಲ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಲಾಗಿನ್ ಹೆಸರಿಗೆ ಎಂಟು ಅಕ್ಷರಗಳ ಮಿತಿಯಿತ್ತು. ಅಲ್ಲಿ ಡೆನಿಸ್ ರಿಚಿ ‘ಡಿಎಂಆರ್’ ಆದರು, ಬ್ರಯಾನ್ ಕರ್ನಿಹಾನ್ ‘ಬಿಡಬ್ಲ್ಯುಕೆ’ ಆದರು, ಕೆನ್ ಥಾಂಪ್ಸನ್ ಬರೀ ‘ಕೆನ್’ ಎಂದು ಉಳಿದರು. ಅ.ನ.ಕೃ., ತ.ರಾ.ಸು., ಪು.ತಿ.ನ. ಎಂದು ಲೇಖಕರನ್ನು ಮೊದಲಕ್ಷರಗಳಿಂದಲೇ ಗುರುತಿಸುವ ಕನ್ನಡ ಓದುಗರಿಗೆ ಈ ಬಗೆ ಹೊಸದಲ್ಲ. 1971ರಲ್ಲಿ ರೇ ಟಾಮ್ಲಿನ್ಸನ್ ಬಳಕೆದಾರರ ಹೆಸರಿಗೂ ಅವರ ಕಂಪ್ಯೂಟರಿನ ಹೆಸರಿಗೂ ನಡುವೆ ‘ಅಟ್’ ಚಿಹ್ನೆ ಇಟ್ಟು ಇ-ಮೇಲ್ ಕಳಿಸಿದ ಮೇಲೆ, ಲಾಗಿನ್ ಹೆಸರು ಹೊರಜಗತ್ತಿನ ವಿಳಾಸವೂ ಆಯಿತು.

ಬೇಕೆಂದೇ ಅಡ್ಡಹೆಸರಿಟ್ಟುಕೊಂಡು ಅಪರಿಚಿತರೊಡನೆ ಮಾತಾಡುವ ರೂಢಿ ಮಾತ್ರ ಕಂಪ್ಯೂಟರಿನಿಂದ ಬಂದದ್ದಲ್ಲ. ಹವ್ಯಾಸಿಗಳು ಪರಸ್ಪರ ಮಾತಾಡುವ ಹ್ಯಾಮ್ ರೇಡಿಯೋದಲ್ಲಿ ಸರ್ಕಾರವೇ ಗುರುತನ್ನು ಕೊಡುತ್ತದೆ. ಭಾರತದ ಹವ್ಯಾಸಿಗಳ ಗುರುತು ‘ವಿಯು’ ಎಂದು ಶುರುವಾಗುತ್ತದೆ. ಆದರೆ 1970ರ ದಶಕದ ಅಮೆರಿಕದಲ್ಲಿ ಲಾರಿ ಚಾಲಕರ ನಡುವೆ ಹಬ್ಬಿದ ಸಿಬಿ ರೇಡಿಯೋದಲ್ಲಿ ಪ್ರತಿಯೊಬ್ಬರೂ ತಮಗೊಪ್ಪಿದ ಹೆಸರನ್ನು ತಾವೇ ಇಟ್ಟುಕೊಂಡರು. ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಪತ್ನಿ ಬೆಟ್ಟಿ ಫೋರ್ಡ್ ಕೂಡ ‘ಫಸ್ಟ್ ಮಾಮಾ’ ಎಂಬ ಹೆಸರಿನಲ್ಲಿ ಮಾತಾಡುತ್ತಿದ್ದರು. ಇಂಗ್ಲಿಷಿನಲ್ಲಿ ಇಂತಹ ಹೆಸರಿಗೆ ಆಗ ಬಳಕೆಯಲ್ಲಿದ್ದ ‘ಹ್ಯಾಂಡಲ್’ ಎಂಬ ಪದ ಇಂದು ಎಕ್ಸ್ (ಹಿಂದಿನ ಟ್ವಿಟರ್), ಯೂಟ್ಯೂಬ್‌ಗಳಲ್ಲಿ ಬಳಕೆಯಲ್ಲಿದೆ.

1988ರಲ್ಲಿ ಫಿನ್‌ಲೆಂಡಿನ ಯಾರ್ಕೊ ಒಯಿಕರಿನೆನ್ ರೂಪಿಸಿದ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆ ಈ ರೂಢಿಯನ್ನು ಜಗತ್ತಿಗೆಲ್ಲ ಹಬ್ಬಿಸಿತು. ಅಲ್ಲಿನ ಹೆಸರಿಗೆ ಮೊದಲು ಒಂಬತ್ತು ಅಕ್ಷರಗಳ ಮಿತಿಯಿತ್ತು. ಅದರ ನಿಯಮಗಳಲ್ಲಿ ವಿಚಿತ್ರವೆನಿಸುವ ಒಂದು ಮಾತಿದೆ: ಚೌಕ ಆವರಣ ಚಿಹ್ನೆಯೂ ಪುಷ್ಪಾವರಣ ಚಿಹ್ನೆಯೂ ಒಂದೇ ಅಕ್ಷರದ ದೊಡ್ಡ ಮತ್ತು ಚಿಕ್ಕ ರೂಪಗಳು ಎಂದು ಎಣಿಸಬೇಕು. ಅಂದಿನ ಫಿನ್ನಿಶ್ ಮತ್ತು ಸ್ವೀಡಿಶ್ ಕಂಪ್ಯೂಟರುಗಳಲ್ಲಿ ಆ ಚಿಹ್ನೆಗಳ ಜಾಗದಲ್ಲಿ ಆ ಭಾಷೆಗಳ ವಿಶೇಷ ಸ್ವರಾಕ್ಷರಗಳು ಕೂತಿದ್ದವು. ವ್ಯವಸ್ಥೆಯನ್ನು ಕಟ್ಟಿದವರು ಫಿನ್‌ಲೆಂಡಿನವರಾದ್ದರಿಂದ ಅವರ ನೆಲದ ಅಕ್ಷರಗಳಿಗೆ ಜಾಗ ಸಿಕ್ಕಿತು. ಉಪಕರಣ ಮಾಡುವವರ ಭಾಷೆ ಉಪಕರಣದೊಳಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಐಆರ್‌ಸಿ ಹೆಸರುಗಳ ಮೇಲೆ ಹಾಯಾ ಬೆಕರ್-ಇಸ್ರಾಯೆಲಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದ ಮೊದಮೊದಲ ಕೃತಿಗಳಲ್ಲೊಂದು. ನಿಜಹೆಸರು ಬಳಸುವವರು ಅಲ್ಲಿ ತೀರ ಕಡಿಮೆ. ತಮ್ಮ ಸ್ವಭಾವ, ರೂಪ, ಕಸುಬು, ಮನಃಸ್ಥಿತಿಗಳನ್ನು ಸೂಚಿಸುವ ಹೆಸರುಗಳದ್ದೇ ದೊಡ್ಡ ಪಾಲು. ಉಳಿದಂತೆ ಗಿಡ, ಪ್ರಾಣಿ, ಯಂತ್ರ, ಕಥೆ ಸಿನಿಮಾಗಳ ಪಾತ್ರ, ಪದಗಳ ಆಟ. ಹೆಸರನ್ನು ಯಾವ ಗಳಿಗೆಯಲ್ಲಾದರೂ ಬದಲಿಸುವ ಅವಕಾಶವಿದ್ದರೂ ಹೆಚ್ಚಿನವರು ಒಂದಕ್ಕೇ ಅಂಟಿಕೊಳ್ಳುತ್ತಿದ್ದರು ಎಂಬುದು ಆ ಅಧ್ಯಯನದ ಅತ್ಯಂತ ಮುಖ್ಯ ಸಂಗತಿ. ಮುಖವಾಡವೆಂದು ಹಾಕಿಕೊಂಡದ್ದೇ ಬಳಸುತ್ತ ಬಳಸುತ್ತ ಗುರುತಾಗಿಬಿಡುತ್ತದೆ.

ಕನ್ನಡಿಗರ ಯೂಸರ್‌ನೇಮ್‌ಗಳಲ್ಲಿ ಈ ಬಗೆಗಳೆಲ್ಲ ಉಂಟು, ಜೊತೆಗೆ ಇಲ್ಲಿನದೇ ಕೆಲವು ಸೇರಿವೆ. ಮಲೆನಾಡು, ಕರಾವಳಿ, ಕುಂದಾಪ್ರ, ಹುಬ್ಳಿ ಎಂದು ಊರು ಸೀಮೆಗಳನ್ನು ಮುಂದಿಟ್ಟುಕೊಳ್ಳುವವರು ಬಹಳ. ಊರಿನ ಹೆಸರನ್ನೇ ಬರೆಯದೆ ವಾಹನ ನೋಂದಣಿಯ ಸಂಖ್ಯೆಯಿಂದ ಅದನ್ನು ಹೇಳುವುದೂ ಇದೆ: ಕೆಎ 25 ಎಂದರೆ ಧಾರವಾಡ, ಕೆಎ 19 ಮಂಗಳೂರು, ಕೆಎ 14 ಶಿವಮೊಗ್ಗ, ಕೆಎ 12 ಕೊಡಗು. ಗೊತ್ತಿದ್ದವರಿಗೆ ತಕ್ಷಣ ತಿಳಿಯುತ್ತದೆ, ಹೊರಗಿನವರಿಗೆ ಅದು ಬರೀ ಅಂಕಿ. ಇನ್ನು ಅಪ್ಪು, ಕಿಚ್ಚ, ಡಿ ಬಾಸ್ ಎಂಬ ಸಿನಿಮಾ ಅಭಿಮಾನದ ಹೆಸರುಗಳಿಗೆ ವಿವರಣೆ ಬೇಕಿಲ್ಲ.

ಹೆಸರಿನ ತುದಿಯಲ್ಲಿ ಅಂಕಿ ಬರಲು ಸಾಮಾನ್ಯ ಕಾರಣ ಬೇಕಾದ ಹೆಸರು ಮೊದಲೇ ಖರ್ಚಾಗಿರುವುದು. ಆಗ ಹುಟ್ಟಿದ ವರ್ಷ, ಜರ್ಸಿ ಸಂಖ್ಯೆ, 007, ಇಂಗ್ಲಿಷಿನ ಪ್ರೇಮವಾಕ್ಯದ ಪದಗಳ ಅಕ್ಷರ ಎಣಿಸಿ ಮಾಡಿದ 143 ಹೀಗೆ ಏನಾದರೂ ಅಂಟಿಕೊಳ್ಳುತ್ತದೆ. ಹುಟ್ಟಿದ ವರ್ಷ ಹಾಕುವುದು ಜಾಣತನವಲ್ಲ. ಬ್ಯಾಂಕು, ಸಿಮ್ ಕಾರ್ಡುಗಳಿಗೆ ಕೇಳುವ ವಿವರದ ಒಂದು ಭಾಗವನ್ನು ಅದು ಊರಿಗೆಲ್ಲ ಸಾರುತ್ತದೆ. 1988ರಲ್ಲಿ ಹುಟ್ಟಿದವರು ಇನ್ನೊಂದು ಸಂಗತಿ ತಿಳಿದಿರುವುದು ಒಳಿತು: ಯುರೋಪ್, ಅಮೆರಿಕಗಳಲ್ಲಿ 88 ನವನಾಜಿಗಳ ಸಂಕೇತವಾಗಿ ಕುಖ್ಯಾತವಾಗಿದೆ.

ಲಿಪಿಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಎಕ್ಸ್‌ನ ಹೆಸರಿಗೆ 15 ಅಕ್ಷರಗಳ ಮಿತಿ, ಇನ್‌ಸ್ಟಾಗ್ರಾಮ್‌ಗೆ 30. ಎರಡರಲ್ಲೂ ರೋಮನ್ ಅಕ್ಷರ, ಅಂಕಿ, ಒಂದೆರಡು ಚಿಹ್ನೆ ಬಿಟ್ಟು ಬೇರೇನೂ ಸಲ್ಲದು. ಹೀಗಾಗಿ ಕನ್ನಡದ ಹೆಸರು ಮೊದಲು ರೋಮನ್‌ಗೆ ಇಳಿಯಬೇಕು, ಇಳಿಯುವಾಗ ಸವೆಯಬೇಕು. ಲ ಮತ್ತು ಳ ಒಂದಾಗುತ್ತವೆ, ನ ಮತ್ತು ಣ ಒಂದಾಗುತ್ತವೆ, ಹ್ರಸ್ವ ದೀರ್ಘಗಳ ಭೇದ ಅಳಿಯುತ್ತದೆ. ಈ ನಷ್ಟದಲ್ಲೇ ಒಂದು ಅನುಕೂಲವೂ ಇದೆ. ರೋಮನ್‌ನಲ್ಲಿ ಕನ್ನಡಕ್ಕೆ ಒಂದೇ ಕಾಗುಣಿತವಿಲ್ಲದ ಕಾರಣ ‘ವಿಜಯ’ ಎಂಬುದನ್ನು ನಾಲ್ಕಾರು ಬಗೆಯಲ್ಲಿ ಬರೆಯಬಹುದು. ಒಂದು ಸಿಗದಿದ್ದರೆ ಇನ್ನೊಂದು ಸಿಕ್ಕೀತು. ಚುಕ್ಕೆಗಳ ವಿಷಯದಲ್ಲಿ ಎಚ್ಚರ ಬೇಕು. ಇನಿಶಿಯಲ್ಲಿನ ನಂತರ ಚುಕ್ಕೆಯಿಡುವುದು ನಮ್ಮ ಅಭ್ಯಾಸ, ಆದರೆ ಜಿಮೇಲ್ ಹೆಸರಿನಲ್ಲಿರುವ ಚುಕ್ಕೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚುಕ್ಕೆಯಿದ್ದರೂ ಇಲ್ಲದಿದ್ದರೂ ಅದು ಒಬ್ಬರದೇ ಪೆಟ್ಟಿಗೆ.

ಬೇರೆ ಲಿಪಿಗಳನ್ನು ದೂರವಿಡಲು ಒಂದು ಗಟ್ಟಿ ಕಾರಣವೂ ಇದೆ. ರಷ್ಯನ್ ಲಿಪಿಯ ‘ಅ’ ಕಾರ ಕಣ್ಣಿಗೆ ರೋಮನ್ ‘ಎ’ಯಂತೆಯೇ ಕಾಣುತ್ತದೆ, ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಹೆಸರು ಕದ್ದು ಮೋಸ ಮಾಡಬಹುದು. ಕನ್ನಡ ತೆಲುಗು ಲಿಪಿಗಳ ನಡುವೆ ಹಾಗೆ ಹೋಲುವ ಅಕ್ಷರಗಳು ಹಲವು, ಕನ್ನಡದ ಅನುಸ್ವಾರ ಮತ್ತು ಸೊನ್ನೆಗಳೂ ಒಂದನ್ನೊಂದು ಹೋಲುತ್ತವೆ. ಆದರೂ ಇದು ಬಗೆಹರಿಯದ ತೊಡಕಲ್ಲ. ವೆಬ್ ವಿಳಾಸಗಳ ವಿಷಯದಲ್ಲಿ ಇಂತಹ ಜೋಡಿಗಳನ್ನು ಪಟ್ಟಿ ಮಾಡಿ ನಿಯಮ ರೂಪಿಸಲಾಗಿದೆ, ‘ಭಾರತ’ ಎಂದು ಕನ್ನಡದಲ್ಲೇ ಕೊನೆಯಾಗುವ ವಿಳಾಸಗಳು ನೋಂದಣಿಗೆ ಸಿಗುತ್ತವೆ. ಅಷ್ಟು ಶ್ರಮ ವಹಿಸಲು ಹಲವು ದೊಡ್ಡ ಕಂಪನಿಗಳು ಮನಸ್ಸು ಮಾಡಿಲ್ಲ.

ಹೆಸರು ಬಚ್ಚಿಡುವುದು ಹಲವರಿಗೆ ಆಟವಲ್ಲ, ರಕ್ಷಣೆ. 2006ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಐಆರ್‌ಸಿಯಲ್ಲಿ ಗಂಡು, ಹೆಣ್ಣು ಹೆಸರುಗಳ ಖಾತೆಗಳನ್ನು ಸುಮ್ಮನೆ ತೆರೆದಿಟ್ಟು ನೋಡಿದರು. ಹೆಣ್ಣು ಹೆಸರಿನ ಖಾತೆಗಳಿಗೆ ಬಂದ ಬೆದರಿಕೆಯ, ಅಶ್ಲೀಲದ ಸಂದೇಶಗಳು ಗಂಡು ಹೆಸರಿನವುಗಳಿಗೆ ಬಂದದ್ದರ ಸುಮಾರು 25 ಪಟ್ಟು. ಹುಡುಗಿಯರು ಬರೀ ಇನಿಶಿಯಲ್, ಹೂವು, ಹಕ್ಕಿಗಳ ಹೆಸರಿನ ಹಿಂದೆ ನಿಲ್ಲುವುದಕ್ಕೆ ನಾಚಿಕೆ ಕಾರಣವಲ್ಲ. ಎಲ್ಲರೂ ನಿಜಹೆಸರು ಬಳಸಲಿ ಎಂಬ ವಾದ ಈ ಅನುಭವವನ್ನು ಮರೆಯುತ್ತದೆ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ತಾಣಗಳಲ್ಲಿ ಬರೆಯುವವರ ನಿಜಗುರುತಿನ ಪರಿಶೀಲನೆಯನ್ನು ಕಡ್ಡಾಯ ಮಾಡಿತು. 2012ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ರದ್ದುಪಡಿಸಿತು. 2011ರಲ್ಲಿ ಬಂದ ಗೂಗಲ್ ಪ್ಲಸ್ ಕೂಡ ಇಂಥದೇ ನಿಯಮವನ್ನು 2014ರಲ್ಲಿ ಕೈಬಿಟ್ಟಿತು.

ಗುಪ್ತವಾಗಿರಬೇಕೆನ್ನುವವರು ಸಾಮಾನ್ಯವಾಗಿ ಎಡವುವುದು ಒಂದೇ ಅಪರೂಪದ ಹೆಸರನ್ನು ಎಲ್ಲೆಡೆ ಬಳಸುವುದರಲ್ಲಿ. ಹೆಸರು ಅಪರೂಪವಾದಷ್ಟೂ ಅದೇ ಹೆಸರಿನ ಬೇರೆ ಬೇರೆ ಖಾತೆಗಳು ಒಬ್ಬರದೇ ಎಂದು ಊಹಿಸುವುದು ಸುಲಭ ಎಂಬುದನ್ನು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ. ಸಾಲ ತೀರಿಸುವ ಬಗ್ಗೆ ಒಂದು ಕಡೆ, ಕಾಯಿಲೆಯ ಬಗ್ಗೆ ಇನ್ನೊಂದು ಕಡೆ ಕೇಳುವವರಿಗೆ ಬೇರೆ ಬೇರೆ ಸಾಮಾನ್ಯ ಹೆಸರುಗಳೇ ಕ್ಷೇಮ.

ಈಗ ಬಹುತೇಕ ತಾಣಗಳು ವಿಳಾಸದಂತೆ ಬಳಸುವ ಹೆಸರನ್ನೂ ತೆರೆಯ ಮೇಲೆ ಕಾಣುವ ಹೆಸರನ್ನೂ ಬೇರ್ಪಡಿಸಿವೆ. ಕನ್ನಡ ಕಾಣಿಸಿಕೊಳ್ಳುವುದು ಹೆಚ್ಚಾಗಿ ಎರಡನೆಯದರಲ್ಲಿ. ಹುಡುಕಲು, ಕರೆಯಲು ಹಲವೆಡೆ ರೋಮನ್ನೇ ಬೇಕು. ವಿಕಿಪೀಡಿಯ ಇದಕ್ಕೆ ಹೊರತು. ಅಲ್ಲಿ ಯೂಸರ್‌ನೇಮ್ ಅನ್ನೇ ಕನ್ನಡ ಅಕ್ಷರಗಳಲ್ಲಿ ಇಟ್ಟುಕೊಳ್ಳಬಹುದು. ಎಲ್ಲ ಭಾಷೆಗಳ ವಿಕಿಪೀಡಿಯಗಳಿಗೂ ಒಂದೇ ಖಾತೆ ಎಂಬ ಏರ್ಪಾಡು 2015ರಲ್ಲಿ ಪೂರ್ಣಗೊಂಡ ಮೇಲೆ, ಕನ್ನಡ ಲಿಪಿಯ ಸದಸ್ಯ ಹೆಸರು ಫಿನ್ನಿಶ್, ಜಪಾನೀ ವಿಕಿಪೀಡಿಯಗಳ ಸಂಪಾದನೆಯ ದಾಖಲೆಗಳಲ್ಲೂ ಹಾಗೆಯೇ ಕನ್ನಡದಲ್ಲೇ ದಾಖಲಾಗುತ್ತದೆ.