ಗ್ರೀಫ್ ಎಂಬ ಮಾತಿನ ತೂಕ

ಇಂಗ್ಲಿಷಿನಿಂದ ಕನ್ನಡಕ್ಕೆ ಮಾತುಗಳನ್ನು ತರುವವರಿಗೆ ನಿಜವಾಗಿ ತೊಡಕಾಗುವುವು ವಿಜ್ಞಾನದ ಪರಿಭಾಷೆಗಳಲ್ಲ. ಮನಸ್ಸಿಗೆ ಸಂಬಂಧಿಸಿದ ಸಣ್ಣ ಮಾತುಗಳು. ‘ಗ್ರೀಫ್’ ಎಂಬುದು ಅಂಥ ಮಾತು. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಎಂಬುವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅಂದಿನಿಂದ ಎಷ್ಟೋ ನಿಘಂಟುಗಳು ಬಂದಿವೆ. ಇಂದು ‘ಗ್ರೀಫ್’ ಎಂದರೇನೆಂದು ಕೇಳಿದವರಿಗೆ ದುಃಖ, ಶೋಕ, ಅಳಲು ಎಂದು ಹೇಳುವೆವು. ‘ಸಾರೋ’ ಎಂದರೇನೆಂದು ಕೇಳಿದರೂ ಅವನ್ನೇ ಹೇಳುವೆವು. ಎರಡೂ ಒಂದೇ ಆಗಿದ್ದರೆ ಇಂಗ್ಲಿಷರು ಎರಡನ್ನೇಕೆ ಉಳಿಸಿಕೊಂಡರು?

‘ಸಾರೋ’ ಅವರ ಮನೆಯ ಹಳೆಯ ಮಾತು; ಚಿಂತೆ, ಕಾಳಜಿ ಎಂಬ ಅರ್ಥದ ಜರ್ಮನ್ ಮಾತೊಂದಕ್ಕೆ ನೆಂಟು. ಅದರ ಹರವು ದೊಡ್ಡದು. ಲೋಕದ ಸ್ಥಿತಿಯನ್ನು ಕಂಡು ಮರುಗುವುದಕ್ಕೂ ಬಾಳಿನುದ್ದಕ್ಕೂ ಬರುವ ಮಂದವಾದ ವ್ಯಥೆಗೂ ಅದು ಸಲ್ಲುತ್ತದೆ. ‘ಗ್ರೀಫ್’ ಹಾಗಲ್ಲ. ಅದಕ್ಕೆ ಒಂದು ಗೊತ್ತಾದ ಕಾರಣವಿರಬೇಕು; ಹೆಚ್ಚಾಗಿ ಅದು ಸಾವು. ಮಗನನ್ನು ಕಳೆದುಕೊಂಡ ತಾಯಿಗೆ ಇರುವುದು ‘ಗ್ರೀಫ್’. ನಾವು ಪುತ್ರಶೋಕವೆನ್ನುವೆವಷ್ಟೆ, ಆದುದರಿಂದ ಇದ್ದುದರಲ್ಲಿ ‘ಶೋಕ’ವೇ ಇದಕ್ಕೆ ಹತ್ತಿರವಾದ ಮಾತು.

ಹತ್ತಿರವೇ ಹೊರತು ಒಂದೇ ಅಲ್ಲ. ಶೋಕಕ್ಕೆ ಮೂಲವಾದ ‘ಶುಚ್’ ಧಾತುವಿನಲ್ಲಿ ಉರಿಯುವುದೆಂಬ ಅರ್ಥವಿದೆ. ಅಚ್ಚಗನ್ನಡದ ‘ಅಳಲು’ ಕೂಡ ಹಾಗೆಯೇ. ತಮಿಳಿನಲ್ಲಿ ಅದರ ಸೋದರ ಶಬ್ದಕ್ಕೆ ಬೆಂಕಿಯೆಂದೇ ಅರ್ಥ. ನಮ್ಮ ಹಿರಿಯರು ದುಃಖವನ್ನು ಬೆಂಕಿಯಾಗಿ ಕಂಡರು. ‘ಗ್ರೀಫ್’ ಆದರೋ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಲ್ಯಾಟಿನ್ ಸಂತಾನ. ಅಲ್ಲಿ ಅದರ ಮೂಲ ‘ಗ್ರಾವಿಸ್’. ಭಾರವಾದದ್ದು ಎಂದು ಅರ್ಥ. ಕಚೇರಿಗಳಲ್ಲಿ ನಾವು ಕೇಳುವ ‘ಗ್ರೀವೆನ್ಸ್’ ಸಹ ಈ ಬಳಗದ್ದೇ. ಹೊರಲಾರದೆ ಅಧಿಕಾರಿಯ ಮುಂದೆ ಇಳಿಸುವ ಹೊರೆ ಅದು. ಗೋರಿಯೆಂಬ ಅರ್ಥದ ‘ಗ್ರೇವ್’ ಮಾತ್ರ ಅಗೆಯುವುದೆಂಬ ಬೇರೊಂದು ಮೂಲದಿಂದ ಹುಟ್ಟಿದ್ದು.

ಇನ್ನೊಂದು ಸ್ವಾರಸ್ಯವಿದೆ. ಈ ‘ಗ್ರಾವಿಸ್’ ಎಂಬುದೂ ಸಂಸ್ಕೃತದ ‘ಗುರು’ ಎಂಬುದೂ ಒಂದೇ ಬೇರಿನಿಂದ ಒಡೆದ ಕವಲುಗಳು. ಛಂದಸ್ಸಿನ ಲಘು ಗುರುಗಳಲ್ಲಿಯೂ ಗುರುತ್ವಾಕರ್ಷಣದಲ್ಲಿಯೂ ಉಳಿದಿರುವುದು ಆ ಭಾರದ ಅರ್ಥವೇ. ಉಪದೇಶ ಮಾಡುವ ಗುರುವಿನ ಹೆಸರಿಗೂ ಮನುಷ್ಯನನ್ನು ಕುಗ್ಗಿಸುವ ‘ಗ್ರೀಫ್’ಗೂ ಹೀಗೆ ದೂರದ ರಕ್ತಸಂಬಂಧವಿದೆ.

ಈ ಸಂಬಂಧವನ್ನು ನೆನೆವಾಗ ಉಜ್ಜಿನಿ ಕಣ್ಣ ಮುಂದೆ ನಿಲ್ಲುತ್ತದೆ. ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದು 2021ರಿಂದ ವಿಜಯನಗರ ಜಿಲ್ಲೆಯಲ್ಲಿರುವ ಈ ಊರು ವೀರಶೈವರ ಪಂಚಪೀಠಗಳಲ್ಲಿ ಒಂದು, ಗುರುಪೀಠ. ಅಲ್ಲಿನ ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕೆತ್ತನೆಯನ್ನು ಕಂಡವರು ‘ಉಜ್ಜಿನಿ ಒಳಗೆ ನೋಡು, ಹಂಪೆ ಹೊರಗೆ ನೋಡು’ ಎನ್ನುವರು. ದುಃಖಕ್ಕೂ ಹೀಗೆ ಒಳಗು ಹೊರಗುಗಳುಂಟು. ಕಪ್ಪು ಬಟ್ಟೆ, ಮೌನಾಚರಣೆ ಮೊದಲಾದ ಹೊರಗಿನದನ್ನು ಇಂಗ್ಲಿಷರು ‘ಮೋರ್ನಿಂಗ್’ ಎನ್ನುವರು, ಒಳಗಿನದು ‘ಗ್ರೀಫ್’. ಹೊರಗಿನದು ನಿಯಮಿಸಿದ ದಿನಕ್ಕೆ ಮುಗಿಯುವುದು; ಒಳಗಿನದಕ್ಕೆ ಪಂಚಾಂಗವಿಲ್ಲ.

ವೀರಶೈವರ ಮನೆಗಳಲ್ಲಿ ಸತ್ತವರನ್ನು ಸತ್ತರೆನ್ನದೆ ಲಿಂಗೈಕ್ಯರಾದರೆನ್ನುವರು. ಐಕ್ಯವೆಂದ ಮೇಲೆ ಅಗಲಿಕೆಯೆಲ್ಲಿ? ಆದರೂ ಮನೆಯವರ ಕಣ್ಣೀರು ನಿಲ್ಲುವುದಿಲ್ಲ. ಅದು ನಂಬಿಕೆಯ ಕೊರತೆಯಲ್ಲ. ಹೋದವರು ಸೇರಬೇಕಾದಲ್ಲಿಗೆ ಸೇರಿದರು. ಭಾರ ಇದ್ದವರ ಎದೆಯಲ್ಲಿ ಉಳಿಯಿತು.

ಈ ವಿಚಾರ ಬರಿಯ ಶಬ್ದವಿನೋದವಲ್ಲ. ದುಃಖವನ್ನು ಬೆಂಕಿಯೆಂದು ಬಗೆದವನು ಅದನ್ನು ಆರಿಸಲು ಅವಸರಪಡುತ್ತಾನೆ. ‘ಅಳಬೇಡಿ, ಧೈರ್ಯ ತಂದುಕೊಳ್ಳಿ, ಮರೆತುಬಿಡಿ’ ಎಂದು ನೀರೆರಚುತ್ತಾನೆ. ಭಾರವೆಂದು ಬಗೆದವನು ಒಂದು ಕೊನೆಗೆ ಹೆಗಲು ಕೊಡುತ್ತಾನೆ. ನಮ್ಮ ಆಡುಮಾತಿಗೂ ಈ ತಿಳಿವು ಹೊಸದಲ್ಲ: ‘ಎದೆ ಭಾರವಾಯಿತು’ ಎನ್ನುತ್ತೇವೆ, ಅತ್ತ ಮೇಲೆ ‘ಹಗುರವಾಯಿತು’ ಎನ್ನುತ್ತೇವೆ. ಸಾವಾದ ಮನೆಗೆ ಹೋಗುವುದನ್ನು ಹಳ್ಳಿಗರು ‘ಮಾತಾಡಿಸಿಕೊಂಡು ಬರುವುದು’ ಎನ್ನುವರು. ಬುದ್ಧಿ ಹೇಳಿ ಬರುವುದು ಎನ್ನುವುದಿಲ್ಲ; ನೊಂದವರ ಬಾಯಿಂದ ಮಾತು ಹೊರಡಿಸಿ ಬರುವುದು. ಹೋದವರು ಬಹಳ ಹೊತ್ತು ಸುಮ್ಮನೆ ಕುಳಿತಿರುವುದೂ ಉಂಟು.

ಆದುದರಿಂದ ‘ಗ್ರೀಫ್’ ಎಂಬುದನ್ನು ಬರೆಹದಲ್ಲಿ ಶೋಕವೆಂದು ಅನುವಾದಿಸಿದರೆ ತಪ್ಪಿಲ್ಲ. ಶೋಕದಲ್ಲಿರುವ ಮನೆಗೆ ನಾಲ್ಕು ಸಾಲು ಬರೆಯಬೇಕಾದಾಗ ಮಾತ್ರ ಅದರ ತೂಕವನ್ನು ನೆನೆಯಬೇಕು. ತೀರಿಕೊಂಡವರ ಹೆಸರನ್ನು ಹೇಳಿ, ಅವರ ಒಂದು ಒಳ್ಳೆಯತನವನ್ನು ಸ್ಮರಿಸಿ, ‘ನಾನಿದ್ದೇನೆ’ ಎಂದರೆ ಸಾಕು. ಹೊರೆಯನ್ನು ಇಳಿಸಲು ನಮ್ಮಿಂದಾಗದು. ಹೊತ್ತವರು ಒಂಟಿಯಾಗದಂತೆ ಅಷ್ಟು ದೂರ ಜತೆಗೆ ನಡೆಯಬಹುದು.