ಕೆಲಸ ಬಿಟ್ಟವಳು ಯಾವ ಲೆಕ್ಕದಲ್ಲಿದ್ದಳು?

ಇವತ್ತಿನ ಎಪಿಸೋಡ್ ಶುರು ಮಾಡೋ ಮುಂಚೆ ಒಂದು ಹಳೇ ಸುಳ್ಳನ್ನ ಒಪ್ಕೊಂಡುಬಿಡ್ತೀನಿ.

ಬಿ.ಕಾಂ. ಮುಗಿಸಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಎರಡು ವರ್ಷ ಇದ್ದೆ. ಆಮೇಲೆ ಕೆಲಸ ಬಿಟ್ಟು ಎಂಟು ತಿಂಗಳು ಮನೇಲಿದ್ದೆ. ಯಾರು ಕೇಳಿದ್ರೂ 'ಬ್ಯಾಂಕ್ ಎಕ್ಸಾಮ್‌ಗೆ ಓದ್ತಿದೀನಿ' ಅಂತಿದ್ದೆ. ಪುಸ್ತಕ ತಂದಿದ್ದೇನೋ ನಿಜ, ತೆರೆದು ನೋಡಿರಲಿಲ್ಲ. ನನಗಿದ್ದದ್ದು ಖಿನ್ನತೆ. ಅದಕ್ಕೆ ಆ ಹೆಸರಿದೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ಮಾನಸಿಕ ಆರೋಗ್ಯ ಕೆಟ್ಟಾಗ ಜನ ಕೆಲಸದಿಂದ ಹೇಗೆ ಹೊರಗೆ ಬೀಳ್ತಾರೆ, ವಾಪಸ್ ಹೇಗೆ ಬರ್ತಾರೆ ಅನ್ನೋದೇ ಇವತ್ತಿನ ವಿಷಯ.

ಯಾರೂ ಒಂದೇ ದಿನ ಕೆಲಸ ಬಿಡಲ್ಲ. ಮೊದಲು ಸೀಟಲ್ಲೇ ಕೂತಿರ್ತೀವಿ, ಕೆಲಸ ಮುಂದೆ ಹೋಗಲ್ಲ. ಒಂದು ಗಂಟೆಯಲ್ಲಿ ಮುಗೀತಿದ್ದ ಬ್ಯಾಂಕ್ ತಾಳೆ ನೋಡೋ ಕೆಲಸಕ್ಕೆ ನನಗೆ ಇಡೀ ದಿನ ಬೇಕಾಗ್ತಿತ್ತು. ಒಂದೇ ಎಂಟ್ರಿಯನ್ನ ನಾಲ್ಕು ಸಲ ನೋಡಿದ್ರೂ ನಂಬಿಕೆ ಬರ್ತಿರಲಿಲ್ಲ. ಆಮೇಲೆ ರಜೆಗಳು ಶುರುವಾದವು: ಸೋಮವಾರ ತಲೆನೋವು, ಗುರುವಾರ ಹೊಟ್ಟೆನೋವು. ಕೊನೆಗೆ ರಾಜೀನಾಮೆ.

ಇದು ನನ್ನೊಬ್ಬಳ ಕಥೆ ಅಲ್ಲ. ಖಿನ್ನತೆ ಮತ್ತು ಆತಂಕದ ಕಾಯಿಲೆಗಳಿಂದಲೇ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದುಡ್ಡಿನ ಲೆಕ್ಕದಲ್ಲಿ ಹತ್ತಿರತ್ತಿರ 1 ಲಕ್ಷ ಕೋಟಿ ಡಾಲರ್.

ಆದರೆ ಕೆಲಸವನ್ನೇ ಬಿಟ್ಟವರು ಯಾವ ಲೆಕ್ಕಕ್ಕೆ ಸೇರ್ತಾರೆ? ನಮ್ಮಲ್ಲಿ ಉದ್ಯೋಗದ ಲೆಕ್ಕ ಹಿಡಿಯೋಕೆ 2017ರಿಂದ ಪಿಎಲ್‌ಎಫ್‌ಎಸ್ ಅನ್ನೋ ಸರ್ಕಾರಿ ಸಮೀಕ್ಷೆ ಇದೆ. ಅದರ ವಾರದ ಲೆಕ್ಕ ಸರಳ. ಕಳೆದ 7 ದಿನದಲ್ಲಿ ಒಂದು ಗಂಟೆಯಾದ್ರೂ ದುಡಿದಿದ್ರೆ ನೀವು ಉದ್ಯೋಗಿ. ದುಡಿದಿಲ್ಲ, ಆದರೆ ಕೆಲಸ ಹುಡುಕಿದ್ರಿ, ಇಲ್ಲವೇ ಸಿಕ್ಕಿದ್ರೆ ಮಾಡೋಕೆ ತಯಾರಿದ್ರಿ ಅಂದ್ರೆ ನಿರುದ್ಯೋಗಿ. ಇವರಿಬ್ಬರನ್ನೂ ಕೂಡಿದ್ರೆ ಬರೋದೇ ಲೇಬರ್ ಫೋರ್ಸ್. ದುಡೀಲೂ ಇಲ್ಲ, ಹುಡುಕಲೂ ಇಲ್ಲ, ತಯಾರೂ ಇಲ್ಲ ಅನ್ನೋರು ಅದರ ಹೊರಗೆ.

ನಾನು ಹೊರಗಿದ್ದೆ. ಹುಡುಗಿ, ಮನೇಲಿದ್ದಾಳೆ, ಅಮ್ಮನ ಜೊತೆ ಪಾತ್ರೆ ತೊಳೀತಾಳೆ. ಯಾರಾದರೂ ಸಮೀಕ್ಷೆಗೆ ಬಂದಿದ್ರೆ 'ಮನೆಗೆಲಸ' ಅಂತ ಬರ್ಕೊಂಡು ಹೋಗಿರ್ತಿದ್ರು. ಇನ್ನೊಂದು ತಮಾಷೆ ಕೇಳಿ: ನನ್ನಂಥವರು ಅರ್ಜಿ ಹಾಕೋದನ್ನ ನಿಲ್ಲಿಸಿದಾಗ ನಿರುದ್ಯೋಗ ದರ ಏರೋದಿಲ್ಲ, ಲೆಕ್ಕದಲ್ಲಿ ಇಳಿಯುತ್ತೆ! ಅದಕ್ಕೇ ನಿರುದ್ಯೋಗ ದರದ ಪಕ್ಕದಲ್ಲಿ ಲೇಬರ್ ಫೋರ್ಸ್‌ನಲ್ಲಿ ಎಷ್ಟು ಜನ ಇದ್ದಾರೆ ಅಂತಲೂ ನೋಡಬೇಕು.

ಕೆಲಸ ಬಿಟ್ಟ ಮೊದಲ ತಿಂಗಳು ಹಾಯಾಗಿತ್ತು. ಮೂರನೇ ತಿಂಗಳಿಗೆ ಏಳೋಕೆ ಹೊತ್ತಿಲ್ಲ, ಮಲಗೋಕೆ ಹೊತ್ತಿಲ್ಲ, ಕೈಯಲ್ಲಿ ಕಾಸಿಲ್ಲ. ಕಾಯಿಲೆ ಕೆಲಸವನ್ನ ಕಿತ್ಕೊಳ್ಳುತ್ತೆ, ಕೆಲಸ ಇಲ್ಲದಿರೋದು ಕಾಯಿಲೆಯನ್ನ ಬೆಳೆಸುತ್ತೆ. 'ಮದುವೆ ಮಾಡಿ, ಎಲ್ಲಾ ಸರಿಹೋಗುತ್ತೆ' ಅಂತ ನೆಂಟರ ಸಲಹೆ ಬೇರೆ.

ಈ ಸುತ್ತನ್ನ ಕಡಿಯೋಕೆ ಮೊದಲು ಬೇಕಾದದ್ದು ಚಿಕಿತ್ಸೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ಕಾಯಿಲೆಯಿಂದ ಕಾಯಿಲೆಗೆ ನೋಡಿದ್ರೆ ಶೇ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮಮ್ಮ ನನ್ನನ್ನ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನಿದ್ದೆ ಬರ್ತಿಲ್ಲ ಅಂತ. ಅಲ್ಲಿ ಮನೋವೈದ್ಯರ ಹತ್ರ ಕಳಿಸಿದ್ರು. ಮಾತ್ರೆ, ಮಾತು ಎರಡೂ ಶುರುವಾಯ್ತು.

ಎರಡನೇದು ಕೆಲಸವೇ. 'ಪೂರ್ತಿ ಹುಷಾರಾಗ್ಲಿ, ಆಮೇಲೆ ಕೆಲಸ' ಅಂತೀವಲ್ಲ, ಅದನ್ನ ತಿರುಗಿಸಿ ಹಾಕಿದ ಒಂದು ವಿಧಾನ ಅಮೆರಿಕದಲ್ಲಿ ಹುಟ್ಟಿ ಬೇರೆ ದೇಶಗಳಿಗೂ ಹೋಗಿದೆ. ತೀವ್ರ ಮಾನಸಿಕ ಕಾಯಿಲೆ ಇರೋರಿಗೂ ಮೊದಲು ನಿಜವಾದ, ಸಂಬಳದ ಕೆಲಸ ಹುಡುಕಿಕೊಡ್ತಾರೆ. ತರಬೇತಿ, ಬೆಂಬಲ ಎಲ್ಲಾ ಕೆಲಸದ ಜೊತೆಜೊತೆಗೇ ನಡೆಯುತ್ತೆ.

ನನಗೆ ಆ ವಿಧಾನದ ಹೆಸರು ಗೊತ್ತಿರಲಿಲ್ಲ, ಮಾವ ಇದ್ರು. ಅವರದ್ದು ಹಾರ್ಡ್‌ವೇರ್ ಅಂಗಡಿ. 'ನಂಗೆ ಟ್ಯಾಲಿ ಬರಲ್ಲ ಕಣಮ್ಮ, ಸಂಜೆ ಎರಡು ಗಂಟೆ ಬಂದು ಬಿಲ್ ಹಾಕ್ಕೊಡು' ಅಂದ್ರು. ತಪ್ಪಾದ್ರೆ ಬೈಯಲಿಲ್ಲ, ಬರದೇ ಇದ್ರೆ ಫೋನ್ ಮಾಡ್ತಿದ್ರು. ತಿಂಗಳ ಕೊನೆಗೆ ಸಂಬಳ ಅಂತಲೇ ಕೊಟ್ರು. ಎರಡು ಗಂಟೆ ನಾಲ್ಕಾಯ್ತು, ನಾಲ್ಕು ಎಂಟಾಯ್ತು.

ಎಲ್ಲರಿಗೂ ಮಾವನ ಅಂಗಡಿ ಇರಲ್ಲ. ಹಾಗಾಗಿ ರಾಜೀನಾಮೆ ಬರೆಯೋ ಮುಂಚೆ ಮೂರು ವಿಷಯ ತಿಳ್ಕೊಳ್ಳಿ.

ಒಂದು, ನಿಮ್ಮ ಪೇ ಸ್ಲಿಪ್ ನೋಡಿ. ಇಎಸ್‌ಐ ಕಡಿತ ಇದ್ರೆ, ನಿಗದಿತ ದಿನಗಳ ವಂತಿಗೆ ಕಟ್ಟಿದ್ರೆ, ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ಸಂಬಳದ ಲೆಕ್ಕದಲ್ಲಿ ಅನಾರೋಗ್ಯ ಭತ್ಯೆ ಸಿಗುತ್ತೆ. ನನ್ನ ಪೇ ಸ್ಲಿಪ್‌ನಲ್ಲೂ ಆ ಕಡಿತ ಇತ್ತು. ಅಕೌಂಟ್ಸ್‌ನಲ್ಲಿ ಕೂತು ಬೇರೆಯವರ ಕಡಿತ ಲೆಕ್ಕ ಹಾಕ್ತಿದ್ದೋಳು, ನನ್ನದನ್ನ ಯಾಕೆ ಅಂತ ಕೇಳ್ಕೊಳ್ಳಲೇ ಇಲ್ಲ.

ಎರಡು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಸರ್ಕಾರಿ ನೌಕರಿಯ ಮೀಸಲಾತಿ ಅವರಿಗೂ ಉಂಟು.

ಮೂರು, ಟೆಲಿ ಮಾನಸ್. ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಒಂದು ಇಂಟರ್‌ವ್ಯೂನಲ್ಲಿ ಕೇಳಿದ್ರು, 'ಎಂಟು ತಿಂಗಳ ಗ್ಯಾಪ್ ಯಾಕೆ?' ಬ್ಯಾಂಕ್ ಎಕ್ಸಾಮ್ ಅನ್ನೋ ಮಾತು ಬಾಯಿ ತುದಿಗೆ ಬಂದಿತ್ತು. 'ಹುಷಾರಿರಲಿಲ್ಲ, ಚಿಕಿತ್ಸೆ ತಗೊಂಡೆ, ಈಗ ಕೆಲಸ ಮಾಡ್ತಿದೀನಿ' ಅಂದೆ. ಆ ಕೆಲಸ ಸಿಗಲಿಲ್ಲ. ಮುಂದಿನ ಕಡೆಯೂ ಅದನ್ನೇ ಹೇಳಿದೆ, ಅಲ್ಲಿ ಸಿಕ್ಕಿತು.

ನಿಮ್ಮ ಮನೇಲೋ ಗೆಳೆಯರಲ್ಲೋ ಯಾರಾದ್ರೂ ತುಂಬಾ ದಿನದಿಂದ 'ಎಕ್ಸಾಮ್‌ಗೆ ಓದ್ತಿದ್ರೆ', ರಿಸಲ್ಟ್ ಯಾವಾಗ ಅಂತ ಕೇಳೋ ಮುಂಚೆ ನಿದ್ದೆ ಬರ್ತಿದೆಯಾ ಅಂತ ಕೇಳಿ. ಮುಂದಿನ ವಾರ ಸಿಗೋಣ.