ಗ್ರಾಹಕರಿಗೆ ಬರೆಯಲು ವಿಷಯ ಎಲ್ಲಿದೆ? ಸಂಸ್ಥೆಯ ಲೆಕ್ಕಪತ್ರಗಳೇ ಆಕರ

ಗ್ರಾಹಕರಿಗೆ ಆಗಿಂದಾಗ್ಗೆ ಉಪಯುಕ್ತ ಮಾಹಿತಿಯನ್ನು ಬರೆದು ತಲುಪಿಸುವ ಪದ್ಧತಿ ಈಗ ದೊಡ್ಡ ಕಂಪನಿಗಳಿಗೆ ಮಾತ್ರ ಸೀಮಿತವಾಗಿಲ್ಲ. ದರಪಟ್ಟಿಯ ಹಿಂಬದಿಯಲ್ಲಿ, ಬಿಲ್ಲಿನೊಂದಿಗೆ ಕೊಡುವ ಕರಪತ್ರದಲ್ಲಿ, ವಾಟ್ಸ್ಆ್ಯಪ್ ಸಂದೇಶದಲ್ಲಿ ಸಣ್ಣ ವರ್ತಕರೂ ಕಿರು ಉತ್ಪಾದಕರೂ ಬರೆಯತೊಡಗಿದ್ದಾರೆ. ಆದರೆ ಬಹುತೇಕ ಕಡೆಗಳಲ್ಲಿ ಈ ಉತ್ಸಾಹ ಎರಡು ಮೂರು ತಿಂಗಳಲ್ಲಿ ಬತ್ತಿಹೋಗುತ್ತದೆ. ಮೊದಲ ಬಾರಿ ಸಂಸ್ಥೆಯ ಪರಿಚಯ, ಎರಡನೆಯ ಬಾರಿ ಸರಕುಗಳ ಪಟ್ಟಿ, ಮೂರನೆಯ ಬಾರಿ ಹಬ್ಬದ ಶುಭಾಶಯ. ಅನಂತರ ಬರೆಯಲು ವಿಷಯವೇ ಇಲ್ಲವೆಂಬ ಮಾತು ಕೇಳಿಬರುತ್ತದೆ.

ಬೆಲೆಯೊಂದರಲ್ಲಿಯೇ ದೊಡ್ಡ ಮಳಿಗೆಗಳೊಂದಿಗೆ ಹಾಗೂ ಆನ್‌ಲೈನ್ ಮಾರಾಟಗಾರರೊಂದಿಗೆ ಸೆಣಸುವುದು ಸಣ್ಣ ವರ್ತಕನಿಗೆ ಸುಲಭವಲ್ಲ. ಅವನಲ್ಲಿರುವ ನಿಜವಾದ ಬಂಡವಾಳವೆಂದರೆ ಸರಕಿನ ಬಗೆಗಿನ ತಿಳಿವಳಿಕೆ. ಅದು ಗಲ್ಲಾದ ಬಳಿಯ ಬಾಯಿಮಾತಿನಲ್ಲಿಯೇ ಮುಗಿದುಹೋದರೆ ಅಂಗಡಿಗೆ ಬಾರದ ಗ್ರಾಹಕನಿಗೆ ತಲುಪುವುದಿಲ್ಲ. ಅನುಭವಿ ನೌಕರನು ಕೆಲಸ ಬಿಟ್ಟ ದಿನ ಅವನೊಂದಿಗೆ ಹೊರಟೂ ಹೋಗುತ್ತದೆ. ಬರವಣಿಗೆಯಲ್ಲಿ ಇಳಿಸಿದ ತಿಳಿವಳಿಕೆ ಮಾತ್ರ ಸಂಸ್ಥೆಯಲ್ಲಿ ಉಳಿಯುತ್ತದೆ. ಇದಕ್ಕೆ ಬೇಕಾದ ವಿಷಯಗಳು ಪ್ರತಿಯೊಂದು ಸಂಸ್ಥೆಯ ಕಡತಗಳಲ್ಲಿ ಈಗಾಗಲೇ ಇವೆ.

ಹಳೆಯ ಎರಡು ನಿದರ್ಶನಗಳು

ಅಮೆರಿಕದ ಕೃಷಿ ಉಪಕರಣಗಳ ತಯಾರಕ ಸಂಸ್ಥೆ ಜಾನ್ ಡೀರ್ 1895ರಲ್ಲಿ ‘ದಿ ಫರ್ರೋ’ ಎಂಬ ಪತ್ರಿಕೆಯನ್ನು ರೈತರಿಗಾಗಿ ಆರಂಭಿಸಿತು. ಅದರಲ್ಲಿ ನೇಗಿಲಿನ ಪ್ರಶಂಸೆಗಿಂತ ಬೇಸಾಯದ ಸಮಸ್ಯೆಗಳ ವಿವೇಚನೆಗೆ ಹೆಚ್ಚು ಸ್ಥಳವಿತ್ತು. ಫ್ರಾನ್ಸಿನ ಟೈರು ತಯಾರಕರಾದ ಮಿಶೆಲಿನ್ ಸಹೋದರರು 1900ರಲ್ಲಿ ವಾಹನ ಚಾಲಕರಿಗೆಂದು ಒಂದು ಕೈಪಿಡಿಯನ್ನು ಪ್ರಕಟಿಸಿ ಉಚಿತವಾಗಿ ಹಂಚಿದರು. ಆಗ ಇಡೀ ಫ್ರಾನ್ಸಿನಲ್ಲಿದ್ದ ಕಾರುಗಳ ಸಂಖ್ಯೆ ಮೂರು ಸಾವಿರವನ್ನೂ ಮುಟ್ಟಿರಲಿಲ್ಲ. ಟೈರನ್ನು ಬದಲಿಸುವ ಕ್ರಮ, ಪೆಟ್ರೋಲು ದೊರೆಯುವ ಊರು, ತಂಗಲು ಹೋಟೆಲು ಇವೇ ಅದರ ವಿಷಯಗಳು. ಜನರು ಹೆಚ್ಚು ಸಂಚರಿಸಿದಷ್ಟೂ ಟೈರು ಸವೆಯುತ್ತದೆಂಬ ವ್ಯಾಪಾರದ ಲೆಕ್ಕಾಚಾರ ಅದರ ಹಿಂದಿತ್ತು. ಎರಡೂ ಸಂಸ್ಥೆಗಳು ತಮ್ಮ ಸರಕಿನ ಬದಲು ಸರಕನ್ನು ಬಳಸುವವನ ತೊಡಕುಗಳನ್ನು ವಿಷಯವಾಗಿ ಆರಿಸಿಕೊಂಡವು ಎಂಬುದು ಗಮನಾರ್ಹ. ಆ ತೊಡಕುಗಳು ಸಣ್ಣ ಸಂಸ್ಥೆಯಲ್ಲಿ ಎಲ್ಲೆಲ್ಲಿ ದಾಖಲಾಗಿರುತ್ತವೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

1. ವಿಚಾರಣೆಗಳು ಮತ್ತು ದರಪತ್ರಗಳ ಕಡತ

ದರ ಕೇಳಿ ಖರೀದಿ ಮಾಡದೆ ಹೋದವರ ಪ್ರಶ್ನೆಗಳು ಮೊದಲನೆಯ ಆಕರ. ಉದಾಹರಣೆಗೆ, ವಿದ್ಯುತ್ ಉಪಕರಣಗಳ ಅಂಗಡಿಯಲ್ಲಿ ಬಿಎಲ್‌ಡಿಸಿ ಫ್ಯಾನಿಗೆ ಅಷ್ಟು ಹೆಚ್ಚು ಬೆಲೆ ಏಕೆ ಎಂಬ ಪ್ರಶ್ನೆ ಸಾಮಾನ್ಯ. ಇದಕ್ಕೆ ಲೆಕ್ಕದ ಮೂಲಕವೇ ಉತ್ತರಿಸಬಹುದು. ಸಾಮಾನ್ಯ ಫ್ಯಾನು 75 ವ್ಯಾಟ್ ಹಾಗೂ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್ ಬಳಸುತ್ತದೆ ಎಂದು ಇಟ್ಟುಕೊಂಡರೆ, ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ಓಡಿದಾಗ 162 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 6 ರೂ. ದರವಾದರೆ ಉಳಿತಾಯ 972 ರೂ. ಬೆಲೆಯ ವ್ಯತ್ಯಾಸ 1,500 ರೂ. ಇದ್ದಲ್ಲಿ ಅದು ಸುಮಾರು ಒಂದೂವರೆ ವರ್ಷದಲ್ಲಿ ಹಿಂದಿರುಗುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಬರೆಯುವುದು ಅಗತ್ಯ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಶೂನ್ಯ ಬಿಲ್ ಪಡೆಯುವ ಮನೆಗೆ ಈ ಉಳಿತಾಯ ಹಣದ ರೂಪದಲ್ಲಿ ಕಾಣುವುದಿಲ್ಲ. ಅಂಗಡಿ, ಹೋಟೆಲು, ವಿದ್ಯಾರ್ಥಿನಿಲಯಗಳಿಗೆ ಕಾಣುತ್ತದೆ. ತನ್ನ ಸರಕು ಯಾರಿಗೆ ಲಾಭದಾಯಕವಲ್ಲ ಎಂಬುದನ್ನೂ ತಿಳಿಸುವ ವರ್ತಕನ ಉಳಿದ ಮಾತುಗಳಿಗೆ ಬೆಲೆ ಬರುತ್ತದೆ.

2. ಮಾರಾಟ ವಾಪಸಾತಿ ಮತ್ತು ಕ್ರೆಡಿಟ್ ನೋಟುಗಳು

ಹಿಂದಿರುಗಿ ಬಂದ ಪ್ರತಿಯೊಂದು ಸರಕಿನ ಹಿಂದೆ ಒಂದು ದೋಷ ಅಥವಾ ಒಂದು ತಪ್ಪು ತಿಳಿವಳಿಕೆ ಇರುತ್ತದೆ. ದೋಷವನ್ನು ಕಾರ್ಖಾನೆಯಲ್ಲಿ ಸರಿಪಡಿಸಬೇಕು. ತಪ್ಪು ತಿಳಿವಳಿಕೆಯನ್ನು ಬರವಣಿಗೆಯಿಂದ ಸರಿಪಡಿಸಬಹುದು. ಮೆಣಸಿನಕಾಯಿ ಪುಡಿ ತಯಾರಿಸುವ ಘಟಕಕ್ಕೆ ಕಳೆದ ಸಲದಷ್ಟು ಕೆಂಪಾಗಿಲ್ಲವೆಂಬ ಆಕ್ಷೇಪಣೆ ಹೊಸದಲ್ಲ. ಬ್ಯಾಡಗಿ ಮೆಣಸಿನಕಾಯಿ ಗಾಢ ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾದದ್ದು. ಅದರಲ್ಲಿಯೂ ಡಬ್ಬಿ, ಕಡ್ಡಿ ಎಂಬ ಬಗೆಗಳಿವೆ. ಬೆಳಕು, ಶಾಖ ಮತ್ತು ದೀರ್ಘಕಾಲದ ಸಂಗ್ರಹಣೆಯಿಂದ ಬಣ್ಣ ಮಾಸುತ್ತದೆ. ಗಾಜಿನ ಭರಣಿಯಲ್ಲಿ ಒಲೆಯ ಪಕ್ಕದಲ್ಲಿಟ್ಟ ಪುಡಿ ಬೇಗನೆ ಮಂಕಾಗುವುದು ಸಹಜ. ಈ ವಿವರಗಳನ್ನು ಒಂದು ಪುಟದಲ್ಲಿ ಬರೆದರೆ ಗ್ರಾಹಕನಿಗೆ ತಿಳಿವಳಿಕೆಯೂ ಘಟಕಕ್ಕೆ ವಾಪಸಾತಿಯ ಇಳಿಕೆಯೂ ಲಭಿಸಬಹುದು.

3. ಬಾಕಿದಾರರ ಖಾತೆ ಮತ್ತು ಬಿಲ್ಲಿನ ತಕರಾರುಗಳು

ಉದ್ರಿ ವಸೂಲಿ ತಡವಾಗಲು ಹಲವು ಬಾರಿ ಬಿಲ್ಲಿನ ಬಗೆಗಿನ ಸಂದೇಹವೇ ಕಾರಣ. ಸರಬರಾಜುದಾರನ ಬಿಲ್ಲು ತನ್ನ ಜಿಎಸ್‌ಟಿಆರ್-2ಬಿಯಲ್ಲಿ ಕಾಣುತ್ತಿಲ್ಲವೆಂದು ಖರೀದಿದಾರನು ಹಣ ತಡೆಹಿಡಿಯುತ್ತಾನೆ. ಮಾಸಿಕ ವಿವರಪತ್ರ ಸಲ್ಲಿಸುವವರ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11 ಕೊನೆಯ ದಿನ; 2ಬಿ ಸಿದ್ಧವಾಗುವುದು 14ರಂದು. ಈ ಕ್ರಮವನ್ನು ನಾಲ್ಕು ಸಾಲುಗಳಲ್ಲಿ ಬರೆದು ಎಲ್ಲ ಖರೀದಿದಾರರಿಗೂ ಕಳುಹಿಸಿದರೆ ದೂರವಾಣಿ ಕರೆಗಳು ಕಡಿಮೆಯಾಗುತ್ತವೆ.

ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರು ತಿಳಿಸಬೇಕಾದ ಇನ್ನೊಂದು ವಿಷಯವಿದೆ. ಎಂಎಸ್ಎಂಇ ಅಭಿವೃದ್ಧಿ ಅಧಿನಿಯಮ, 2006ರ 15ನೆಯ ಪ್ರಕರಣದ ಮೇರೆಗೆ ಲಿಖಿತ ಕರಾರಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ ಸಲ್ಲುತ್ತದೆ. ತಗಾದೆಯ ಪತ್ರದಲ್ಲಿ ಇದು ಬೆದರಿಕೆಯಂತೆ ತೋರಬಹುದು. ಸರ್ವರಿಗೂ ಕಳುಹಿಸಿದ ಮಾಹಿತಿಪತ್ರದಲ್ಲಾದರೆ ಯಾರ ಮನಸ್ಸಿಗೂ ನೋವಾಗದು.

4. ದಾಸ್ತಾನು ಪುಸ್ತಕ

ಯಾವ ಸರಕು ಯಾವ ತಿಂಗಳಲ್ಲಿ ಹೆಚ್ಚು ಹೊರಹೋಗುತ್ತದೆ ಎಂಬುದನ್ನು ದಾಸ್ತಾನು ಪುಸ್ತಕ ತೋರಿಸುತ್ತದೆ. ಮಾರಾಟ ಏರುವ ತಿಂಗಳಿಗಿಂತ ಮೂರು ನಾಲ್ಕು ವಾರ ಮೊದಲೇ ಆ ವಿಷಯವನ್ನು ಬರೆಯಬೇಕು. ಬಣ್ಣದ ವ್ಯಾಪಾರಿ ಗೋಡೆಯ ತೇವದ ಬಗೆಗೆ ಮಳೆಗಾಲದ ನಡುವೆ ಬರೆದು ಪ್ರಯೋಜನವಿಲ್ಲ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬರೆಯಬೇಕು. ಕದಲದೆ ಕುಳಿತ ಸರಕೂ ಒಂದು ವಿಷಯವೇ. ಬಹಳ ವೇಳೆ ಅದರ ಬಳಕೆ ಜನರಿಗೆ ತಿಳಿಯದಿರುವುದೇ ಅದು ಕದಲದಿರಲು ಕಾರಣ.

5. ಕಾಯಿದೆ ಮತ್ತು ತೆರಿಗೆಯ ಬದಲಾವಣೆಗಳು

2025ರ ಸೆಪ್ಟೆಂಬರ್ 22ರಿಂದ ಹಲವು ಸರಕುಗಳ ಜಿಎಸ್‌ಟಿ ದರ ಇಳಿಯಿತು. ಸಿಮೆಂಟಿಗೂ ಹವಾನಿಯಂತ್ರಕಗಳಿಗೂ ಶೇ. 28ರಿಂದ 18ಕ್ಕೆ, ತಲೆಗೆ ಹಚ್ಚುವ ಎಣ್ಣೆಗೆ ಶೇ. 18ರಿಂದ 5ಕ್ಕೆ ಇಳಿಕೆಯಾಯಿತು. ಪೊಟ್ಟಣದ ಮೇಲೆ ಹಳೆಯ ಬೆಲೆ ಮುದ್ರಿತವಾಗಿದ್ದ ಸರಕನ್ನು ಯಾವ ಬೆಲೆಗೆ ಕೊಡಬೇಕೆಂಬ ಪ್ರಶ್ನೆಗೆ ಇಂತಹ ಸಮಯದಲ್ಲಿ ಹಳೆಯ ಬೆಲೆ, ಹೊಸ ಬೆಲೆ ಎರಡನ್ನೂ ತೋರಿಸುವ ಒಂದು ಹಾಳೆಯೇ ತಕ್ಕ ಉತ್ತರ.

ಚಿನ್ನಾಭರಣದ ವರ್ತಕರಿಗೂ ಇಂತಹ ಸಂದರ್ಭ ಒದಗಿತ್ತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣಗಳಿಗೆ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಗುರುತು ಕಡ್ಡಾಯವಾಯಿತು. ಮನೆಯಲ್ಲಿರುವ ಹಳೆಯ ಒಡವೆಯ ಗತಿಯೇನು, 916 ಎಂದರೆ ಏನು, ಗುರುತನ್ನು ಪರಿಶೀಲಿಸುವುದು ಹೇಗೆ ಎಂಬ ಮೂರು ಪ್ರಶ್ನೆಗಳು ಮೂರು ತಿಂಗಳ ವಿಷಯಗಳಾಗುತ್ತವೆ.

ಆಯ್ಕೆಯ ಒರೆಗಲ್ಲು

ಹೀಗೆ ದೊರೆತ ವಿಷಯಗಳನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸುವುದು ಉಚಿತ.

(ಅ) ಕಳೆದ ಮೂರು ತಿಂಗಳಲ್ಲಿ ಕನಿಷ್ಠ ಮೂವರು ಗ್ರಾಹಕರು ಇದನ್ನು ಕೇಳಿದ್ದಾರೆಯೇ?
(ಆ) ಸಂಸ್ಥೆಯ ಸ್ವಂತ ಅನುಭವದಿಂದ, ಅಂಕಿ ಅಥವಾ ಉದಾಹರಣೆ ಸಹಿತವಾಗಿ ಉತ್ತರಿಸಲು ಸಾಧ್ಯವೇ?
(ಇ) ಓದಿದವನು ಸರಕನ್ನು ಇಲ್ಲಿಯೇ ಕೊಳ್ಳದಿದ್ದರೂ ಅವನಿಗೆ ಪ್ರಯೋಜನವಾಗುವುದೇ?

ಮೂರಕ್ಕೂ ಹೌದೆಂಬ ಉತ್ತರ ಬಂದರೆ ಬರೆಯಲು ಅದು ಯೋಗ್ಯ ವಿಷಯ. ಒಂದು ಬರಹದಲ್ಲಿ ಒಂದೇ ಪ್ರಶ್ನೆಗೆ ಉತ್ತರವಿರಲಿ. ಗಲ್ಲಾದ ಬಳಿ ನಿಂತ ಗ್ರಾಹಕನು ಬಳಸಿದ ಮಾತುಗಳನ್ನೇ ಶೀರ್ಷಿಕೆಯಾಗಿ ಇಟ್ಟರೆ ಉತ್ತಮ.

ಎಚ್ಚರಿಕೆಯ ಅಂಶಗಳು

ಅನುಮತಿಯಿಲ್ಲದೆ ಗ್ರಾಹಕರ ಹೆಸರು, ಅವರ ಖರೀದಿಯ ವಿವರ ಪ್ರಕಟವಾಗಕೂಡದು. ಪ್ರತಿಸ್ಪರ್ಧಿಗಳ ಸರಕಿನ ನಿಂದನೆಯೂ ಸಲ್ಲದು. ಉತ್ಪ್ರೇಕ್ಷೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಉತ್ಪಾದಕನ ಮೇಲೆ 10 ಲಕ್ಷ ರೂ.ವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ಸಿರಿಧಾನ್ಯದ ಹಿಟ್ಟು ಮಧುಮೇಹವನ್ನು ಗುಣಪಡಿಸುತ್ತದೆ ಎಂಬಂತಹ ಮಾತುಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಜಾಹೀರಾತು ಕುರಿತ 2018ರ ನಿಯಮಗಳಲ್ಲಿ ಆಸ್ಪದವಿಲ್ಲ. ವಾಟ್ಸ್ಆ್ಯಪ್ ಸಂದೇಶವಷ್ಟೇ ಎಂಬ ಸಮಾಧಾನಕ್ಕೆ ಎಡೆಯಿಲ್ಲ. ಕಾಯಿದೆಯಲ್ಲಿ ಜಾಹೀರಾತಿನ ವ್ಯಾಖ್ಯೆ ವಿದ್ಯುನ್ಮಾನ ಮಾಧ್ಯಮವನ್ನೂ ಒಳಗೊಂಡಿದೆ.

ಫಲದ ಅಳತೆ

ಬರವಣಿಗೆಗೆ ತಗಲುವ ಕಾಲವೂ ಒಂದು ವೆಚ್ಚವೇ ಆದ್ದರಿಂದ ಅದರ ಫಲವನ್ನು ಅಳೆಯಬೇಕು. ಎಷ್ಟು ಜನ ಮೆಚ್ಚಿದರೆಂಬುದಕ್ಕಿಂತ, ಬರೆದ ವಿಷಯಕ್ಕೆ ಸಂಬಂಧಿಸಿದ ವಾಪಸಾತಿ, ತಕರಾರು, ಪುನರಾವರ್ತಿತ ಪ್ರಶ್ನೆಗಳು ಮುಂದಿನ ತ್ರೈಮಾಸಿಕದಲ್ಲಿ ಇಳಿದವೇ, ದರಪತ್ರ ಪಡೆದವರಲ್ಲಿ ಖರೀದಿ ಮಾಡಿದವರ ಪ್ರಮಾಣ ಏರಿತೇ ಎಂಬುದನ್ನು ನೋಡುವುದು ಸೂಕ್ತ. ಇವೆಲ್ಲವೂ ಪುಸ್ತಕಗಳಲ್ಲಿಯೇ ದೊರೆಯುವ ಅಂಕಿಗಳು.

ಆರಂಭಕ್ಕೆ ಸಿದ್ಧತೆ ಹೆಚ್ಚು ಬೇಕಿಲ್ಲ. ಗಲ್ಲಾದ ಬಳಿ ಒಂದು ನೋಟ್‌ಬುಕ್ ಇರಿಸಿ, ಗ್ರಾಹಕರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ದಿನಾಂಕ ಸಹಿತ ಬರೆದಿಡಲು ನೌಕರರಿಗೆ ಸೂಚಿಸಬೇಕು. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವಾಗ ಈ ಪುಸ್ತಕವನ್ನೂ ಕ್ರೆಡಿಟ್ ನೋಟುಗಳ ಕಡತವನ್ನೂ ಒಟ್ಟಿಗೆ ತೆರೆದು ಅತಿ ಹೆಚ್ಚು ಬಾರಿ ಬಂದ ಪ್ರಶ್ನೆಯೊಂದನ್ನು ಆರಿಸಬೇಕು. ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ವಿಷಯಗಳು ಸಾಕು. ವರ್ಷದ ಕೊನೆಗೆ ಆ ಹನ್ನೆರಡು ಹಾಳೆಗಳನ್ನು ಒಟ್ಟಿಗೆ ಹೊಲಿದಿಟ್ಟರೆ, ಹೊಸದಾಗಿ ಕೆಲಸಕ್ಕೆ ಸೇರುವ ನೌಕರನಿಗೆ ಕೊಡಲು ಒಂದು ಕೈಪಿಡಿಯೂ ಸಿದ್ಧವಾಗಿರುತ್ತದೆ.